ಸಾಂಬ್ರಾದಾಗ ಹಕ್ಕಿ ಕಾಯೂದು

ನಸಿಕಿನ್ಯಾಗ ಜೀಪ ಹತ್ತಿ
ರನ್‌ವೇ ಅಂಚಿಗುಂಟ ಹೊಂಡ್ತೀನಿ.
ಕೈಯಾಗ ಪಟಾಕಿ, ಕೊರಳಾಗ ಸೀಟಿ,
ಎದಿ ಮ್ಯಾಲ ಫೋಟೋ ಇದ್ದ ಬಿಲ್ಲೆ:
ಸಿದರಾಯಿ ಭರಮಾ ಕಲಖಾಂಬಕರ.

ಕೆಲಸ ಏನಂತ ಬೀಗರು ಕೇಳಿದ್ರ
ಹಕ್ಕಿ ಕಾಯ್ತೀನಿ ಅಂತೀನಿ.
ನಗ್ತಾರ. ಯಾವ ಬೆಳಿ? ಅಂತಾರ.

ಹದ್ದು, ಕೊಕ್ಕರಿ,
ಮಳಿಯ ಮರುದಿನ ಗೆದ್ದಲಕ್ಕ ಮುಗಿಬೀಳೂ ಕಾಗಿ.
ಒಂದ ಪಾರಿವಾಳ ಇಂಜಿನ್ನಿನ ಬಾಯಾಗ ಹೋದ್ರ
ಎಪ್ಪತ್ತ ಮಂದಿ ಜೀವ, ಅಂತಾರ ಸಾಹೇಬ್ರು.
ಅದಕ್ಕ ಪಗಾರ.

ನಮ್ಮ ಆಯಿ ಲಗಮವ್ವನೂ ಇಲ್ಲೇ ಹಕ್ಕಿ ಕಾದಾಕಿ.
ಇಲ್ಲೇ ಅಂದ್ರ ಇಲ್ಲೇ.
ಗಾಳಿಚೀಲದ ಕಂಬ ನಿಂತಲ್ಲಿ ಆಕಿ ಅಟ್ಟ ಇತ್ತು,
ಸುತ್ತ ಎದಿಮಟ ಜ್ವಾಳ.
ಕವಣಿ ತಿರುವಿ ಹೋ... ಅಂದ್ರ
ಮುತಗಾದ ನಾಯಿ ಕಿವಿ ನಿಗರ್ತಿದ್ವಂತ.

ಯುದ್ಧದ ವರ್ಷ.
ಹೊಲದಾಗ ಸುಣ್ಣದ ಗೆರಿ ಎಳದ್ರು, ಕೆಂಪ ಬಾವುಟ ಊರಿದ್ರು.
ತೆನಿ ಹಾಲ ಹಿಡದಾವು, ಒಂದ ತಿಂಗಳ ತಡೀರಿ,
ಅಂದನಂತ ಆಕಿ ಅಪ್ಪ.
ಬರ್ಮಾ ತಡಿಯಂಗಿಲ್ಲ, ಅಂದ ಮಾಮಲೇದಾರ.
ಯಾವ ಭರಮಾ? ಕೆಳಗೇರಿ ಭರಮಾನ?
ಅಂತ ಕೇಳಿದ್ಲಂತ ಆಯಿ, ಹದಿನಾಕರ ಹುಡುಗಿ.
ಮುಂದ ಮಗಗ ಅದ ಹೆಸರಿಟ್ಲು.
ದೇವರ ಹೆಸರು ಅಂತಿದ್ಲು. ಅನ್ನೂಮುಂದ ನಗ್ತಿದ್ಲು.

ಮರುವಾರ ಅದ ಹೊಲದಾಗ ಗರಸಿನ ಬುಟ್ಟಿ ಹೊತ್ಲು,
ದಿನಕ್ಕ ನಾಕ ಆಣೆ.
ನನ್ನ ಹೊಲಾ ನಾನ ಹುಗದ್ನೆಪಾ,
ಕೂಲಿ ಮಾತ್ರ ವ್ಯಾಳ್ಯಾಕ್ಕ ಕೊಟ್ರು.

ಒಂದಿನ ಒಬ್ಬ ಗೋರಾ ಹುಡುಗ
ಇನ್ನೂ ಮೀಸಿ ಮೂಡದಾಂವ, ನೀರ ಬೇಡಿ ಬಂದ.
ಬೊಗಸಿಗೆ ನೀರ ಹಾಕಿ, ಉಡಿಯಾಗಿನ ಶೇಂಗಾ ಕೊಟ್ಟು
ಎಲ್ಲಿಗೆ? ಅಂತ ಕೈ ಮಾಡಿದ್ಲು.
ಆಂವ ಮೂಡಣಕ್ಕ ಬಟ್ಟ ಚಾಚಿ
ಬರ್ಮಾ, ಅಂದ. ಮತ್ತ ಗುಡ್ಡದಂಗ ಕೈ ಎತ್ತಿ ಇಳಿಸಿ
ಚೀನಾ, ಅಂದ.
ಹೊಳ್ಳಿ ಬಂದನೇನಬೇ?
ಯಾರಿಗ್ಗೊತ್ತೋ. ಆ ಮಾರಿ ಎಲ್ಲಾ ಒಂದ ನಮೂನಿ.
ಶೇಂಗಾ ಸಿಪ್ಪಿ ಸುದ್ದಾ ತಿಂದ, ಅಷ್ಟ ನೆನಪೈತಿ.

ಮೊನ್ನೆ ರಾತ್ರಿ ಮಗಳು ಫೋನಿನಾಗ ಒಂದ ಚಿತ್ರ ತೋರಿಸಿದ್ಲು.
ಚೀನಾದ ಯಾವುದೋ ಊರು,
ಹೆಸರು ನಾಲಿಗಿಗೆ ಹತ್ತಲಿಲ್ಲ.
ಈಗ ಅಲ್ಲಿ ಗಾಜಿನ ನಿಲ್ದಾಣ,
ಒಳಗ ರೈಲು, ಕಾರಂಜಿ, ಸಾವಿರ ದೀಪ.
ಅದರ ಕೆಳಗ ಹಳೇದೊಂದು, ಕಪ್ಪು ಬಿಳಿ:
ಎರಡಾಳೆತ್ತರದ ಕಲ್ಲಿನ ಉರುಳಿ,
ಹಗ್ಗ ಹಿಡದು ಬಗ್ಗಿ ಎಳಿಯೂ ನೂರಾರು ಮಂದಿ,
ಹೆಂಗಸ್ರು, ಕೂಸು ಬೆನ್ನಿಗೆ ಕಟ್ಟಿದವ್ರು,
ಇಮಾನ ಇಳಿಲಿ ಅಂತ ನೆಲಾ ಒತ್ತವ್ರು.
ಚಿತ್ರ ದೊಡ್ಡದು ಮಾಡಿ ಮಾಡಿ ನೋಡಿದ್ನಿ.
ಏನ ಹುಡುಕಾಕತ್ತಿ ಅಪ್ಪಾ? ಅಂದ್ಲು ಮಗಳು.
ಆಯಿನ್ನ, ಅನ್ನಾಕ ನಾಚಿಕಿ ಬಂತು.

ಇವತ್ತ ಸಂಜಿ ರನ್‌ವೇದ ಮಗ್ಗಲಾ, ಖಡಿಯಾಗ
ಟಿಟ್ಟಿವಕ್ಕಿ ತತ್ತಿ ಇಟ್ಟೈತಿ.
ನಾಕು. ಖಡೀದ ಬಣ್ಣ, ಖಡೀದ ಮಚ್ಚಿ.
ಕಣ್ಣ ಮಿಟಕಿಸಿದ್ರ ಕಲ್ಲು,
ಮತ್ತ ಮಿಟಕಿಸಿದ್ರ ತತ್ತಿ.
ತಾಯಿ ನನ್ನ ತಲಿ ಮ್ಯಾಲ ಸುತ್ತಿ ಸುತ್ತಿ ಬೈತೈತಿ,
ಬಡ್ಡಿ ವಸೂಲಿಗೆ ಬಂದಾಂವಗ ಬೈದಂಗ.

ಗೂಡು ಕಂಡ್ರ ತಗೀಬೇಕು. ಕಾಯ್ದೆ ಐತಿ, ರಜಿಸ್ಟರ್ ಐತಿ.

ಪಡುವಣದಾಗ ದೀಪ ಕಾಣಾಕತ್ತು.
ವಾಕಿಟಾಕಿ ಗೊರ್ ಅಂತು:
ಸಿದರಾಯಿ, ರನ್‌ವೇ ಸಾಫ್ ಐತೇನು?

ಟೊಪ್ಪಿಗಿ ತಗದು ನಾಕೂ ತತ್ತಿ ಒಳಗಿಟ್ನಿ.
ಬಿಸಿ ಇದ್ದುವು.
ಬೇಲಿ ಆಚೆ ಇನ್ನೂ ಯಾರೋ ಬಿತ್ತೂ
ಒಂದ ತುಂಡ ಹೊಲ ಐತಿ.
ಅಲ್ಲಿಗೆ ತಾಯಿ ಬರತೈತೋ ಇಲ್ಲೋ.

ಐತಿ ಸಾಹೇಬ್ರ, ಅಂದ್ನಿ.
ಪಟಾಕಿ ಹಚ್ಚಲಿಲ್ಲ.
ಬಾಯಿಗೆ ಕೈ ಹಿಡದು,
ಯಾರೂ ಇಲ್ಲಂತ ನೋಡಿ,
ಹೋ... ಅಂದ್ನಿ.