ತಟ್ಟುವವರು ಯಾರು

ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ
ಇಪ್ಪತ್ತೆಂಟು ವರ್ಷ ಅಪ್ಪಿಯಕ್ಕ ಮಾಡಿದ್ದು ಒಂದೇ ಕೆಲಸ:
ಆವಿಗೆಯಿಂದ ಬಂದ ಹಂಚನ್ನು ಎಡಗೈಯಲ್ಲಿ ತೂಗಿ
ಬಲಗೈ ಗೆಣ್ಣಿನಿಂದ ಒಮ್ಮೆ ತಟ್ಟುವುದು.
ಣಣ್ ಎಂದರೆ ಲಾರಿಗೆ.
ಟಪ್ ಎಂದರೆ ಒಳಗೆಲ್ಲೋ ಬಿರುಕು, ಅದು ಸೆಕೆಂಡ್ಸ್.
ಒಡೆದು ನೋಡಿದವರಿಲ್ಲ. ಒಡೆದರೆ ಹಂಚೇ ಇಲ್ಲವಲ್ಲ.

ನಾನು ಕೊಣಾಜೆಯ ಗುಡ್ಡದ ಮೇಲೆ
ಬಿಳಿ ಕುಬ್ಜ ನಕ್ಷತ್ರವೊಂದರ ಬೆಳಕು ಎಣಿಸುವವಳು.
ನೋಡುವವಳಲ್ಲ; ಜೂನ್ ಹಿಡಿದ ಮೇಲೆ ಈ ಊರಿಗೆ ಆಕಾಶವೇ ಇಲ್ಲ.
ಬೇರೆ ದೇಶದ ದೂರದರ್ಶಕಗಳು
ಒಂದಕ್ಕೆ ಬೆಳಗಾದಾಗ ಇನ್ನೊಂದು ಕಣ್ಣು ತೆರೆದು
ಕಳಿಸಿದ ಅಂಕಿಗಳು ನನ್ನ ಮೇಜಿಗೆ ಬರುತ್ತವೆ,
ಕರೆಂಟು ಇದ್ದರೆ.

ಬೋಳಾರದ ಜಗಲಿಯಲ್ಲಿ ಬಂಗುಡೆ ಕೊಯ್ಯುತ್ತ ಕೇಳಿದಳು:
"ಕುಬ್ಜ ಅಂದ್ರೆ ಎಂತದು?"
ಬೆಂಕಿ ನಂದಿದ ಆವಿಗೆ, ಅಂದೆ.
ಭೂಮಿಯಷ್ಟೂ ಇಲ್ಲ ಗಾತ್ರ, ಹೆಚ್ಚುಕಮ್ಮಿ ಸೂರ್ಯನ ಭಾರ.
ಸೌದೆ ಹಾಕುವವರಿಲ್ಲ, ಆದರೂ ಕೈಯಿಡಲಾಗದ ಕಾವು.
ತಲೆಯಾಡಿಸಿದಳು. ಕಾರ್ಖಾನೆ ಮುಚ್ಚಿದ ವಾರ
ಆವಿಗೆಯ ಗೋಡೆಗೆ ಬೆನ್ನು ಕೊಟ್ಟು ಉಂಡದ್ದು
ಅವಳಿಗೆ ನೆನಪುಂಟು. ಎಂಟು ದಿನ ಬೆಚ್ಚಗಿತ್ತಂತೆ.

"ಅಲ್ಲಿಗೆ ಕೈ ಹೋಗುವುದಿಲ್ಲವಲ್ಲ, ತಟ್ಟುವವರು ಯಾರು?"

ನಮ್ಮ ವಿಭಾಗದಲ್ಲಿ ಯಾರೂ ಇಷ್ಟು ನೇರ ಕೇಳಿರಲಿಲ್ಲ.
ತನ್ನನ್ನು ತಾನೇ ತಟ್ಟಿಕೊಳ್ಳುತ್ತದೆ, ಅಕ್ಕ.
ಮೇಲೆ ಜಲಜನಕದ ಪದರ, ಈರುಳ್ಳಿ ಸಿಪ್ಪೆಯ ಹಾಗೆ.
ಹೊರಗೆ ಹೊರಟ ಶಾಖ ಅಲ್ಲಿ ಸಿಕ್ಕಿಕೊಂಡು, ನೂಕಿ,
ಇಡೀ ಮೈ ತೂಗಾಡುತ್ತದೆ. ಬೆಳಕು ನೂರರಲ್ಲಿ ಎರಡು ಪಾಲು
ಏರಿ, ಇಳಿದು, ಏರಿ.
ಒಂದು ಸಲಕ್ಕೆ ಇನ್ನೂರ ಹದಿನೇಳು ಸೆಕೆಂಡು.

"ಅಷ್ಟರಲ್ಲಿ ನೂರು ಹಂಚು ದಾಟಿಸ್ತಿದ್ದೆ ಮಾರಾಯ್ತಿ."

ಒಂದೇ ಲಯವಲ್ಲ, ಏಳೆಂಟು, ಒಂದರ ಮೇಲೊಂದು.
ಯಾವುದು ಎಲ್ಲಿ ತಡವರಿಸಿತು ಎಂದು ಹಿಡಿದರೆ
ಜಲಜನಕ ಎಷ್ಟು ದಪ್ಪ, ಹೀಲಿಯಂ ಎಲ್ಲಿ ಮುಗಿಯಿತು,
ಇಂಗಾಲದ ತಿರುಳು ನಡುವಿನಿಂದ ಕಲ್ಲಾಗತೊಡಗಿದೆಯೇ ತಿಳಿಯುತ್ತದೆ.
ಕಲ್ಲಾದಲ್ಲಿಗೆ ಅಲೆ ಹೋಗುವುದಿಲ್ಲ, ಮುಟ್ಟಿ ಹಿಂದೆ ಬರುತ್ತದೆ.

ಕಲ್ಲು ಎಂದಾಗ ಅವಳು ಬಲಗೈ ನೋಡಿಕೊಂಡಳು.
ನಡುಬೆರಳ ಗೆಣ್ಣು ನೆಲ್ಲಿಕಾಯಿಯಷ್ಟು, ಮಡಚುವುದಿಲ್ಲ.
ಮೀನಿನ ರಕ್ತ ಒರೆಸಿ ಸುಮ್ಮನಾದಳು.

ಮಳೆ ಮಾತ್ರ ಮಾಡಿನ ಮೇಲೆ
ಒಂದೊಂದು ಹಂಚನ್ನೂ ತಟ್ಟುತ್ತಿತ್ತು.
ತಲೆ ಎತ್ತದೆ ಹೇಳಿದಳು:
"ಮೂರನೇ ಸಾಲು, ಗೋಡೆ ಹತ್ತಿರದ್ದು. ಕೇಳು.
ನಾಳೆ ಯಾರನ್ನಾದರೂ ಹತ್ತಿಸಬೇಕು."

ನನಗೆ ಬೇರೆಯಾಗಿ ಏನೂ ಕೇಳಲಿಲ್ಲ.
ಆ ರಾತ್ರಿ ಮತ್ತೆ ಅಂಕಿಗಳ ಮುಂದೆ ಕೂತೆ.