ಮೂರನೆಯ ಶೆಲ್

ಒಂದೇ ಎಡಿಟರು, ಒಳಗೆ ಐದು ಶೆಲ್ಲು.
ಗೇಟಿನ ತೂಕದ ಯಂತ್ರಕ್ಕೆ ಒಂದು,
ಗೋದಾಮಿಗೆ ಒಂದು,
ತೇವ ಅಳೆಯುವ ಮೀಟರಿಗೆ ಒಂದು,
ತಪ್ಪು ಮಾಡಿ ಕಲಿಯಲೆಂದು ನಾನೇ ಇಟ್ಟುಕೊಂಡದ್ದು ನಾಲ್ಕನೆಯದು.
ಐದನೆಯದು ಯಾಕೆ ತೆರೆದೆನೋ ನೆನಪಿಲ್ಲ,
ಮುಚ್ಚಲು ಧೈರ್ಯವಿಲ್ಲ.

ಎಲ್ಲಕ್ಕೂ ಒಂದೇ ಮುಖ.
ಕಪ್ಪು, ಒಂದು ಡಾಲರ್ ಗುರುತು, ಮಿಣುಕುವ ಗೀಟು.
ಎಡಿಟರು ತಾನೇ ಕರೆಯುತ್ತದೆ: ಶೆಲ್, ಶೆಲ್ ಎರಡು, ಶೆಲ್ ಮೂರು,
ಹೆರಿಗೆ ವಾರ್ಡಿನಲ್ಲಿ ಕೂಸಿನ ಕೈಗೆ ಕಟ್ಟಿದ
ನಂಬರಿನ ಚೀಟಿಯ ಹಾಗೆ.

ಕಿಟಕಿಯಾಚೆ ಕೂಡ್ಲೂರಿನ ಕಣ, ಜನವರಿಯ ಬಿಸಿಲು.
ಸಿದ್ದಾಪುರದ ಚೆರ್ರಿ, ಶನಿವಾರಸಂತೆಯ ಪಾರ್ಚ್‌ಮೆಂಟು,
ಪಾಲಿಬೆಟ್ಟದ್ದು ಎರಡು ರಾಶಿ, ಬೇರೆಬೇರೆ ಮಾಲೀಕರದು.
ಕುಪ್ಪಮ್ಮ ಪ್ರತಿ ರಾಶಿಗೂ ಒಂದು ಕೋಲು ನೆಟ್ಟು
ಹಳೇ ಸೀರೆಯ ತುಂಡು ಕಟ್ಟುತ್ತಾಳೆ:
ನೀಲಿ, ಸಾಸಿವೆ, ಹರಿದ ಗುಲಾಬಿ.
ನಿನಗೆ ಗೊತ್ತಿಲ್ವಾ ಯಾವುದು ಯಾರದ್ದು, ಅಂದಿದ್ದೆ ಒಮ್ಮೆ.
'ಈಗ ಗೊತ್ತು ಮೇಡಂ.
ಸಾಯಂಕಾಲ ನಾಲ್ಕು ಗಂಟೆಯ ಕುಪ್ಪಮ್ಮನಿಗೆ ಗೊತ್ತಿರಲ್ಲ.'
ನಕ್ಕಿದ್ದೆ.

ನಾಲ್ಕಕ್ಕೆ ಹತ್ತು ನಿಮಿಷ. ಒಂದು ಕಿವಿಯಲ್ಲಿ ಹಂಝ,
ಬಿದ್ದಪ್ಪನವರ ಲಾರಿ ಗೇಟಿನಲ್ಲಿ ನಿಂತಿದೆ, ಬೇಗ, ಬೇಗ.
ನಾಲ್ಕನೆಯದೆಂದುಕೊಂಡು ಮೂರನೆಯದಕ್ಕೆ ಹೇಳಿದೆ:
ಅಳಿಸು.
ಯಾಕೆ ಅನ್ನಲಿಲ್ಲ ಅದು, ಖಂಡಿತವಾ ಅನ್ನಲಿಲ್ಲ.
ಅಳಿಸಿತು. ಮತ್ತೆ ಮಿಣುಕಿತು,
ಮುಂದಿನ ಅಪ್ಪಣೆ ಏನು ಅನ್ನುವಂತೆ.

ಇಪ್ಪತ್ತಮೂರು ಲೋಡಿನ ತೇವ.
ಕಾಳಿದೆ, ಅಲ್ಲೇ, ಕಣ್ಣೆದುರಿಗೇ ಹರಡಿದೆ.
ಬೆಳಗಿನ ತೇವ ಮಾತ್ರ ಬಿಸಿಲಿನ ಜೊತೆ ಹೋಗಿಯಾಗಿದೆ.
ಹೋದದ್ದನ್ನು ಯಾವ ಮೀಟರು ಅಳೆದೀತು?

ಬೆರಳು ತಣ್ಣಗಾಗಿತ್ತು. ಸುಮ್ಮನೆ, ಏನೂ ತೋಚದೆ,
ಮೇಲಕ್ಕೆ ಸರಿಸಿದೆ.
ಅಲ್ಲಿತ್ತು.
ಎಡಿಟರಿನೊಳಗೆ ಶೆಲ್ ಆಡಿದ ಮಾತೂ ಬರಹವೇ ತಾನೆ?
ಪ್ರತಿ ಲೋಡಿಗೊಮ್ಮೆ, ಚಟಕ್ಕೆ, ಪಟ್ಟಿ ತೋರಿಸು ಅಂದಿದ್ದೆ.
ತೋರಿಸಿದ್ದೆಲ್ಲ ಸಾಲುಸಾಲಾಗಿ ಕೂತಿತ್ತು,
ಹನ್ನೊಂದೂವರೆ, ಹತ್ತು, ಹನ್ನೆರಡು ಬಿಂದು ಎರಡು...
ಕಡತ ಸತ್ತಿತ್ತು, ಕಡತ ಓದಿದ ದನಿ ಉಳಿದಿತ್ತು.
ಉಸಿರು ಹಿಡಿದು ಎತ್ತಿಕೊಂಡೆ, ಹೊಸ ಹಾಳೆಗೆ ಇಳಿಸಿದೆ,
ಎಣಿಸಿದೆ.
ಇಪ್ಪತ್ತೆರಡು.

ಕೊನೆಯ ಲೋಡಿಗೆ ಪಟ್ಟಿ ಕೇಳಿರಲಿಲ್ಲ. ಹಂಝನ ಫೋನು ಬಂದಿತ್ತು.

ಕಣಕ್ಕಿಳಿದೆ. ಗುಲಾಬಿ ತುಂಡಿನ ರಾಶಿ.
ಇದು ಬಂದಾಗ ಎಷ್ಟಿತ್ತು, ಕುಪ್ಪಮ್ಮ?
'ಮೀಟರ್ ನಿಮ್ಮ ಹತ್ರ ಅಲ್ವಾ ಇರೋದು,' ಅಂದಳು.
ಮತ್ತೆ ನನ್ನ ಮುಖ ನೋಡಿ,
'ಇಳಿಸುವಾಗ ಒಂದು ಕಾಳು ಕಚ್ಚಿ ನೋಡಿದ್ದೆ.
ಹಲ್ಲು ಒಳಗೆ ಹೋಯ್ತು. ಇನ್ನೊಂದು ಬಿಸಿಲು ಬೇಕು.'

ಮೇಲೆ ಬಂದು ಹಾಗೇ ಬರೆದೆ, ಇಪ್ಪತ್ತಮೂರನೆಯ ಸಾಲಿನಲ್ಲಿ:
ಇನ್ನೊಂದು ಬಿಸಿಲು ಬೇಕು.
ಪ್ರೋಗ್ರಾಮು ಒಪ್ಪಲಿಲ್ಲ. ಅದಕ್ಕೆ ಅಂಕಿಯೇ ಬೇಕಂತೆ.
ಖಾಲಿ ಬಿಟ್ಟು ಮ್ಯಾನೇಜರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.
ಅವರು ಹೇಳಿದ್ದು ಇಲ್ಲಿ ಬೇಡ.

ಆಮೇಲೆ ಒಂದೊಂದಾಗಿ ನಾಮಕರಣ.
ಗೇಟು. ಗೋದಾಮು.
ತೇವ: ಅದಕ್ಕೆ ಕೆಂಪು ಹಿನ್ನೆಲೆಯನ್ನೂ ಕೊಟ್ಟೆ, ಕಣ್ಣು ಕುಕ್ಕುವಷ್ಟು.
ನಾಲ್ಕನೆಯದಕ್ಕೆ ಕುಪ್ಪಮ್ಮನ ಸಾಸಿವೆ ಬಣ್ಣ.
ಐದನೆಯದರ ಮುಂದೆ ಕೈ ನಿಂತಿತು.
ಮೇಲಕ್ಕೆ ಸರಿಸಿದರೆ ಎರಡೇ ಸಾಲು:
ಹುತ್ತರಿಯ ಮಾರನೆಯ ದಿನ ನಾನು ತಾರೀಕು ಕೇಳಿದ್ದೇನೆ,
ಅದು ಹೇಳಿದೆ.
ಅಂದಿನಿಂದ ಮಿಣುಕುತ್ತಾ ಕೂತಿದೆ.