ಗಾಲಿ ಬಡಿದಂಗ

ನೀಲಗಂಗಾ ಬಾಯಾರ, ನಾಕೂ ಪುಸ್ತಕ ತಂದೀನ್ರಿ.
ಹದಿನೈದು ದಿನದ ಮ್ಯಾಲೆ ಎರಡು ದಿನಾ ಆತು,
ದಂಡಾ ಬರಕೋರಿ.
ಹ್ಯಾಂಗಿದ್ದುವು ಅಂತ ಕೇಳಿದ್ರಿ ನೀವು,
ಠಸ್ಸೆ ಒತ್ತಕೋತ, ಸುಮ್ಮನ ಮಾತಿಗೆ.
ಕೇಳಬಾರದಿತ್ರಿ.

ಮೂವತ್ತೊಂದು ವರ್ಷ ಹುಬ್ಬಳ್ಳಿ ಸ್ಟೇಶನ್ನಿನಾಗ
ಗಾಲಿ ಬಡಿಯೋ ಕೆಲಸ ನಂದು.
ಉದ್ದನ್ನ ಹಿಡಿಕಿ, ಸಣ್ಣ ಸುತ್ತಿಗಿ.
ಟಣ್ ಅಂದ್ರ ಗಾಲಿ ಗಟ್ಟಿ,
ಡಬ್ ಅಂದ್ರ ಒಳಗ ಸೀಳೈತಿ.
ಕಣ್ಣಿಗೆ ಕಾಣಂಗಿಲ್ಲದು, ಮ್ಯಾಲೆ ಹೊಸಾ ಬಣ್ಣ ಇರತೈತಿ.
ಹಸರ ಬಾವುಟಾ ಹಿಡದಾವ ಅವಸರ ಮಾಡತಿರತಾನ,
ಕಿವಿ ಅವಸರ ಮಾಡಬಾರದು.
ಈಗ ಎಡಗಿವಿ ಪೂರಾ ಹೋಗೇತಿ, ಅದು ಬ್ಯಾರೆ ಮಾತು.

ಈ ಹಳದಿ ರಟ್ಟಿಂದು ನೋಡ್ರಿ.
ಬೆನ್ನಮ್ಯಾಲೆ ಐದು ಮಂದಿ ದೊಡ್ಡವರು ಹೊಗಳ್ಯಾರ.
ಒಳಗ ಅಧ್ಯಾಯಕ್ಕೊಂದು ಸಾವು.
ನನಗ ಒಂದಕ್ಕೂ ಅಳು ಬರಲಿಲ್ಲ.
ಸಾಯೂ ಮೊದಲ ಅವರಿಗೆ ಒಂದು ಸಲಾ ಚಾ ಕುಡಿಸಬೇಕಿತ್ತು,
ಚಪ್ಪಲಿ ಹುಡುಕಿಸಬೇಕಿತ್ತು,
ಹೆಂಡತಿ ಮ್ಯಾಲೆ ಸುಳ್ಳ ಸಿಟ್ಟು ಬರಿಸಬೇಕಿತ್ತು.
ಬದುಕಲಾರದವರನ್ನ ಕೊಂದ್ರ ಅದು ಸಾವು ಹೆಂಗಾದೀತ್ರಿ?
ಮತ್ತ ಅಣ್ಣಿಗೇರಿ ಗದಗ ನಡುವ
ಗಾಡೀನ ಬೋಗದಾದಾಗ ಹಾಯಿಸ್ಯಾನ, ಪುಣ್ಯಾತ್ಮ!
ಎರೀಹೊಲ ಬಾಯಾರ, ಅಂಗೈಯಂಗ ಸಪಾಟು.
ಆತು, ಬೋಗದಾ ಇರಲಿ ಅಂದೆ.
ಕತ್ತಲಿ ಖರೇ ಇದ್ದಿದ್ರ ನಾನೂ ಒಳಗ ಹೊಕ್ಕತಿದ್ದೆ.

ಈ ದಪ್ಪಂದು, ಐದುನೂರಾ ಹನ್ನೆರಡು ಪುಟ.
ಚಂದ ಬರೀತಾನ್ರಿ, ಇಲ್ಲ ಅನ್ನಂಗಿಲ್ಲ.
ಒಂದೊಂದು ಸಾಲಿಗೂ ಹಬ್ಬದ ಅರಬಿ ಹಾಕ್ಯಾನ.
ನೂರು ಪುಟ ಆದಮ್ಯಾಲೆ ನನಗ
ಬನಿಯನ್ ಮ್ಯಾಲೆ ಕುಂತ ಒಂದು ಸಾಲು ಕಂಡ್ರ ಸಾಕಾಗಿತ್ತು.
ಆದ್ರ ಅದರಾಗ ಒಬ್ಬ ಕಂಪೌಂಡರ್ ಬರತಾನ,
ಒಂದೂವರಿ ಪುಟ, ಅಷ್ಟ.
ಚಾಕೂವಿನ ಬೆನ್ನಿಂದ ಗುಳಿಗಿ ಎಣಸತಾನ,
ಎರಡು ಹೆಚ್ಚಿಗಿ ಜಾರಸತಾನ ಕಾಗದದಾಗ,
ಏನೂ ಕೇಳಂಗಿಲ್ಲ, ದೀಪಾ ಆರಿಸಿ ಮನೀಗೆ ಹೋಗತಾನ.
ಬರದಾಂವ ಅವನ್ನ ಮರತಬಿಟ್ಟ.
ನಾನು ಕಡೀ ಪುಟದ ತನಕಾ ದಾರಿ ಕಾಯ್ದೆ.
ಇನ್ನೂ ಕಾಯಾಕತ್ತೀನಿ.

ಈ ಮೂರನೇದು ಓದಿಲ್ರಿ. ಅಕ್ಷರ ಭಾಳ ಸಣ್ಣವು.
ಅಭಿಪ್ರಾಯ ಇಲ್ಲ.

ಕಡೀದು ಈ ತೆಳ್ಳಂದು.
ಗಾರ್ಡ್ ಇದ್ದ ಪುಂಡಲೀಕ ಕಲಾಲ ನನಕಿಂತ ಮೊದಲ ಓದಿದ್ದ,
"ಕಥೀನ ಇಲ್ಲೋ ಇದರಾಗ" ಅಂದ.
ಖರೇ, ಇಲ್ಲ.
ಲೈಟಿನ ಮೀಟರ್ ಬರಿಯೋ ಒಬ್ಬ ಹೆಣಮಗಳು,
ಮನಿ ಮನಿ ತಿರಗತಾಳ.
ಒಂದು ಮನ್ಯಾಗ ಮೀಟರ್ ಭಾಳ ಓಡಿರತೈತಿ.
ಯಾರ ಬಾಕಿನೋ, ಯಾರ ಬ್ಯಾನಿನೋ ಹೇಳಂಗಿಲ್ಲ.
ಆಕಿ ಹ್ವಾದ ತಿಂಗಳ ಅಂಕೀನ ಮತ್ತ ಬರೀತಾಳ,
ಹೊರಗ ಪಾವಟಿಗಿ ಮ್ಯಾಲೆ ಕುಂತು
ಹರೀಲಾರದ ಚಪ್ಪಲಿ ಉಂಗುಟಾನ
ಭಾಳ ಹೊತ್ತು ಸರಿ ಮಾಡತಾಳ.

ಅಲ್ಲಿ ಅಂಚಿನಾಗ ಯಾರೋ ಪೆನ್ಸಿಲ್ಲಿಂದ ಬರದಾರ:
"ಸುಳ್ಳು. ಹಿಂಗ ಯಾರೂ ಮಾಡಂಗಿಲ್ಲ."

ಬಾಯಾರ, ಒಂದು ಚಳಿಗಾಲದ ರಾತ್ರಿ
ಏಳನೇ ಡಬ್ಬಿ ಕೆಳಗ ನನಗ ಡಬ್ ಅಂತ ಕೇಳಿಸಿತ್ತು.
ಗಾಡಿ ಮೊದಲ ತಡಾ ಆಗಿತ್ತು.
ಕಿಡಕ್ಯಾಗ ಒಂದು ಕೂಸು ಅಳಾಕತ್ತಿತ್ತು.
ನಾನು ಬುಕ್ಕಿನಾಗ "ಗಟ್ಟಿ" ಅಂತ ಬರದೆ.
ಬೆಳತನಾ ಫೋನಿನ ಮಗ್ಗಲದಾಗ ಕುಂತಿದ್ದೆ.
ಗಾಡಿ ಗುಂತಕಲ್ ಮುಟ್ಟಿತು.
ಯಾರಿಗೂ ಏನೂ ಆಗಲಿಲ್ಲ.
ಏನೂ ಆಗಲಾರದ್ದನ್ನ ಯಾರೂ ಕಾದಂಬರಿ ಮಾಡಂಗಿಲ್ಲ.
ಈ ಹುಡುಗಿ ಮಾಡ್ಯಾಳ.

ಆ ಪೆನ್ಸಿಲ್ ಸಾಲಿನ ಕೆಳಗ "ಖರೇ" ಅಂತ ಬರದೆ ನಾನು.
ಮರುದಿನಾ ಅಳಸಿದೆ. ಸಾರ್ವಜನಿಕ ಪುಸ್ತಕ ಅಲ್ರಿ.
ಅದರ ಮರುದಿನಾ ಮತ್ತ ಬರದೆ.
ತಡಾ ಆದ ಎರಡು ದಿನಾ ಅವ.
ಅದಕ್ಕೂ ದಂಡಾ ಹಿಡೀರಿ.

ಆಕಿದು ಇನ್ನೊಂದು ಏನರೆ ಬಂದೈತೇನ್ರಿ?
ಇಲ್ಲಂದ್ರ ಇರಲಿ,
ಇದನ್ನ ಮತ್ತ ನನ್ನ ಹೆಸರಿಗೆ ಬರಕೋರಿ.